ಬಿಟ್ಟ ಹೊತ್ತು, ಮುಟ್ಟಿದ ಹೊತ್ತು

ಗುವಾಹಟಿ
2 ಆಗಸ್ಟ್ 2025

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎರಡೂವರೆ ವರ್ಷದಲ್ಲಿ ಅಷ್ಟು ತಿಳಿದುಕೊಂಡಿದ್ದೇನೆ. ಆದರೆ ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಟಪಾಲು ನೋಡುವವಳು ನೀನು. ಬಂದ ಕಾಗದಕ್ಕೆ ಉತ್ತರ ಕೊಡದೆ ಇಟ್ಟರೆ ನಿನಗೆ ಅನ್ನ ಇಳಿಯುವುದಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ರಸೀದಿಯನ್ನೂ ಇಟ್ಟುಕೊಂಡಿದ್ದೇನೆ.

ವಿಷಯ ಇಷ್ಟು. ನಾನು ಬಸುರಿ, ಆರನೆಯ ತಿಂಗಳು ನಡೆದಿದೆ.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಅನ್ನುತ್ತಾರೆ. ನನಗೆ ತವರು ಅಂದರೆ ಈಗ ನೀನೊಬ್ಬಳೇ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಅಪ್ಪನ ವಿಷಯ ನಾನು ಬರೆಯಬೇಕಿಲ್ಲ. ಕುಷ್ಟಗಿಯಲ್ಲಿ ಗೌತಮನ ಅವ್ವ, ನಮ್ಮತ್ತೆ, ಸೊಂಟ ಮುರಿದುಕೊಂಡು ಮಲಗಿದ್ದಾರೆ, ಅವರನ್ನು ನೋಡಿಕೊಳ್ಳಲೇ ಒಬ್ಬರು ಬೇಕು. ಗೌತಮನಿಗೆ ಇಲ್ಲಿ ರೈಲ್ವೆ ವರ್ಕ್‌ಶಾಪಿನ ಪಾಳಿ. "ನಾ ಅದೀನಲ್ಲ, ಯಾಕ ಚಿಂತಿ ಮಾಡ್ತಿ?" ಅನ್ನುತ್ತಾನೆ. ಅವನು ಮಾಡಿದ ಸಾರು ಉಂಡು ಬಾಣಂತನ ಮಾಡಿಕೊಂಡ ಹೆಣ್ಣು ಇನ್ನೂ ಹುಟ್ಟಿಲ್ಲ.

ಬರಲಾ? ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಬರೆ. ಇಲ್ಲಿಂದ ಹೈದರಾಬಾದಿಗೆ ವಿಮಾನದಲ್ಲಿ ಮೂರು ತಾಸು. ಈ ಸಲ ಅಷ್ಟನ್ನೇ ಹೇಳಿ ಸುಮ್ಮನಾಗುವುದಿಲ್ಲ, ಮಿಕ್ಕಿದ್ದನ್ನೂ ಲೆಕ್ಕ ಹಾಕಿ ತಿಳಿಸುತ್ತೇನೆ.

ನಿನ್ನ ತಂಗಿ
ಶೋಭಾ


ಮುನಿರಾಬಾದ್
14 ಆಗಸ್ಟ್ 2025

ಶೋಭಾರಾಣಿಗೆ,

ನಿನ್ನ 2ನೇ ತಾರೀಖಿನ ಪತ್ರ 11ರಂದು ತಲುಪಿದೆ. ಒಂಬತ್ತು ದಿನ ತೆಗೆದುಕೊಂಡಿದೆ. ಸ್ಪೀಡ್ ಅನ್ನುವುದು ಲಕೋಟೆಯ ಮೇಲಷ್ಟೇ ಇತ್ತು.

ಮೊದಲು ಹಳೆಯದನ್ನು ಬರೆದು ಮುಗಿಸುತ್ತೇನೆ. 2023ರ ಜನವರಿ 19, ಗುರುವಾರ. ಬೆಳಿಗ್ಗೆ ಅಪ್ಪ ತೀರಿಕೊಂಡ. ಏಳು ಗಂಟೆಗೆ ನೀನು ಫೋನಿನಲ್ಲಿ ಹೇಳಿದ ಮಾತು ಇದು: "ವಿಮಾನ ಮೂರು ತಾಸು ಅಷ್ಟ ಅಕ್ಕಾ. ನಾ ಬರೂತನಕ ತಡೀರಿ." ನಾನು ಏಳಕ್ಕೆ ಮೂರು ಕೂಡಿಸಿದೆ. ಹೈದರಾಬಾದಿನಿಂದ ಬರುವ ದಾರಿಗೆ ಅಂತ ಇನ್ನು ನಾಲ್ಕು ಕೂಡಿಸಿದೆ. ಎರಡು ಗಂಟೆಗೆ ನನ್ನ ತಂಗಿ ಬರುತ್ತಾಳೆ ಅಂತ ಬಂದ ಜನಕ್ಕೆಲ್ಲ ಹೇಳಿದೆ. ಎರಡಾಯಿತು, ನಾಲ್ಕಾಯಿತು. ಸುಂಕಲಮ್ಮತ್ತೆ ಎಲ್ಲರೆದುರಿಗೆ, "ಸತ್ತಾವನ್ನ ಮುಂದ ಇಟಗೊಂಡು ಎಷ್ಟೊತ್ತು ಕುಂದ್ರತೀಯವ್ವಾ? ನಮ್ಮಣ್ಣ ಯಾರನ್ನೂ ಕಾಯಿಸಿದಾಂವ ಅಲ್ಲ," ಅಂದಳು. ಹೊತ್ತು ಮುಳುಗುವ ಮುಂಚೆ ಮಣ್ಣು ಕೊಟ್ಟೆವು. ಹನ್ನೊಂದು ತಾಸು ಕಾಯಿಸಿದ್ದೆವು ಅಪ್ಪನನ್ನು. ನೀನು ಮರುದಿನ ಬೆಳಗಿನ ನಾಲ್ಕೂವರೆಗೆ ಬಂದೆ. ಬಾಗಿಲಲ್ಲೇ ನಾನು ಕೇಳಿದೆ, "ಇದೇನು ನಿನ್ನ ಮೂರು ತಾಸು?" ಅಂತ. ಆಮೇಲೆ ನಾವು ಮಾತಾಡಿಲ್ಲ.

ಇನ್ನು ಹೊಸದು. ನೀನು ಬಸುರಿ ಅಂತ ಓದಿ ಸಂತೋಷವಾಯಿತು. ಅವತ್ತು ಆಫೀಸಿನಲ್ಲಿ ಒಂದೇ ಕಾಗದಕ್ಕೆ ಎರಡು ಸಲ ನಂಬರು ಹಾಕಿದೆ.

ಬಾ.

ಆದರೆ ಹೊರಡುವ ದಿನ, ತಾಸು, ದಾರಿ ಎಲ್ಲವನ್ನೂ ಕಾಗದದಲ್ಲಿ ಬರೆದು ಕಳಿಸಬೇಕು. ಫೋನ್ ಬೇಡ. ಬಾಯಿಮಾತಿನಲ್ಲಿ ತಾಸು ಹೇಳಿದರೆ ಏನಾಗುತ್ತದೆ ಅನ್ನುವುದನ್ನು ಒಮ್ಮೆ ನೋಡಿದ್ದೇವೆ.

ಇಂತಿ,
ವಿಜಯಲಕ್ಷ್ಮಿ


ಗುವಾಹಟಿ
23 ಆಗಸ್ಟ್ 2025

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು. 'ಬಾ' ಅನ್ನುವ ಒಂದಕ್ಷರ ಹುಡುಕಲು ಎರಡು ಪುಟ ದಾಟಬೇಕಾಯಿತು. ಸಿಕ್ಕ ಮೇಲೆ ಅಳು ಬಂತು. ಗೌತಮ ಹೆದರಿ ನೀರು ತಂದುಕೊಟ್ಟ.

ಹಳೆಯದಕ್ಕೆ ಈಗ ಉತ್ತರ ಬರೆಯುವುದಿಲ್ಲ. ನೀನು ಕೇಳಿದ ಲೆಕ್ಕ ಮಾತ್ರ ಬರೆಯುತ್ತೇನೆ.

ನೆಟ್ಟಗೆ ಗೆರೆ ಎಳೆದರೆ ಗುವಾಹಟಿಯಿಂದ ಹೈದರಾಬಾದಿಗೆ ಸಾವಿರದ ಆರುನೂರ ಎಂಬತ್ತು ಕಿಲೋಮೀಟರ್. ವಿಮಾನಕ್ಕೆ ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ. ಆದರೆ ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ತಾಸು ಬೇಕು. ಎರಡು ತಾಸು ಮುಂಚೆ ಹೋಗಿ ಕೂರಬೇಕು. ಇಳಿದ ಮೇಲೆ ಪೆಟ್ಟಿಗೆ ಸಿಗಲು ಮುಕ್ಕಾಲು ತಾಸು, ಅಲ್ಲಿಂದ ಬಸ್ ನಿಲ್ದಾಣಕ್ಕೆ ಒಂದೂವರೆ. ಬಸ್ಸು ಗಂಗಾವತಿ ಮುಟ್ಟಲು ಒಂಬತ್ತು ತಾಸು. ಗಂಗಾವತಿಯಿಂದ ನಿಮ್ಮ ಕ್ವಾರ್ಟರ್ಸಿಗೆ ಇನ್ನೊಂದು. ಬಸ್ಸಿಗೆ ಕಾಯುವುದನ್ನು ಬಿಟ್ಟು, ಎಲ್ಲೂ ತಡವಾಗದಿದ್ದರೆ ಹದಿನೆಂಟು ತಾಸು. ಮೂರು ತಾಸಿನ ಊಟಕ್ಕೆ ಹದಿನೈದು ತಾಸಿನ ಅಡಿಗೆ ನೋಡು.

ಈ ತಿಂಗಳ 13ಕ್ಕೆ ಏಳನೆಯ ತಿಂಗಳು ಹಿಡಿಯಿತು. ಸೆಪ್ಟೆಂಬರ್ 12ಕ್ಕೆ ಹೊರಟರೆ ಹೇಗೆ? ಮೂವತ್ತೆರಡು ವಾರದ ಮೇಲಾದರೆ ವಿಮಾನದವರು ಡಾಕ್ಟರ ಚೀಟಿ ಕೇಳುತ್ತಾರಂತೆ, ಮೂವತ್ತಾರು ತುಂಬಿದರೆ ಹತ್ತಿಸಿಕೊಳ್ಳುವುದೇ ಇಲ್ಲವಂತೆ. ನಮಗೆ ಅದರ ಗೊಡವೆ ಬರಲಿಕ್ಕಿಲ್ಲ.

ನೀನು ಒಪ್ಪಿದರೆ ಟಿಕೆಟ್ ತೆಗೆಯುತ್ತೇನೆ.

ಶೋಭಾ


ಮುನಿರಾಬಾದ್
3 ಸೆಪ್ಟೆಂಬರ್ 2025

ಶೋಭಾ,

ನಿನ್ನ 23ರ ಪತ್ರ 1ನೇ ತಾರೀಖು ಬಂತು. ಈ ಉತ್ತರ ನಿನ್ನ ಕೈ ಸೇರುವ ಹೊತ್ತಿಗೆ ನೀನು ಹೇಳಿದ 12ನೇ ತಾರೀಖೇ ಆಗಿರುತ್ತದೆ. ಮರುದಿನ ನಿನಗೆ ಎಂಟು ಹಿಡಿಯುತ್ತದೆ. ಹಾಗಾಗಿ ಅದು ಆಗುವ ಮಾತಲ್ಲ.

ನಿನ್ನೆ ರಜೆ ಹಾಕಿ ಯಲಬುರ್ಗಾ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಸುಂಕಲಮ್ಮತ್ತೆಯನ್ನು ಕೇಳಿಕೊಂಡು ಬಂದೆ. ಕಡಲಿರುವ ಮಂಗಳೂರಲ್ಲ, ನಮ್ಮ ಅತ್ತೆಯ ಮಂಗಳೂರು. ಆಕೆ ಹೇಳಿದ್ದು: "ಎಂಟರಾಗ ಬಸರಿ ಹೊಳಿ ದಾಟಬಾರದು, ಸೀಮಿ ದಾಟಬಾರದು. ಒಂಬತ್ತು ಬೀಳ್ಲಿ. ದೀಪಾವಳಿ ಅಮಾಸಿ ಹೋಗ್ಲಿ, ಪಾಡ್ಯ ಮುಗೀಲಿ. ಆಮ್ಯಾಲೆ ಕರಕೊಂಡು ಬಾ." ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತ ನೀನು ಅನ್ನಬಹುದು. ಆದರೆ ಅಪ್ಪನ ಪಾಲಿನ ಹಿರಿಯಳು ಅಂತ ಉಳಿದಿರುವುದು ಆಕೆಯೊಬ್ಬಳೇ. ನಿನ್ನ ಕೂಸಿಗೆ ಏನಾದರೂ ಹೆಚ್ಚುಕಡಿಮೆ ಆದರೆ ನಾನು ತಡೆದುಕೊಳ್ಳಲಾರೆ. ಒಂದು ಸಲ ಆಕೆಯ ಮಾತು ಮೀರಿ ಕಾದು, ಊರ ಬಾಯಿಗೆ ಬಿದ್ದದ್ದೂ ಆಗಿದೆ.

ಅಮಾವಾಸ್ಯೆ ಅಕ್ಟೋಬರ್ 21ಕ್ಕೆ. ಪಾಡ್ಯ 22. ಶುಕ್ರವಾರ 24ರ ಟಿಕೆಟ್ ತೆಗೆ. ವಾರದ ಲೆಕ್ಕವನ್ನೂ ನೋಡಿದ್ದೇನೆ. ತಿಂಗಳಿಗೆ ನಾಲ್ಕು ವಾರ, ಒಂಬತ್ತು ನಾಲ್ಕಲೆ ಮೂವತ್ತಾರು. ಅಂದರೆ ಒಂಬತ್ತು ಪೂರಾ ತುಂಬುವವರೆಗೆ ಹತ್ತಿಸಿಕೊಳ್ಳುತ್ತಾರೆ. ನಿನಗೆ ಒಂಬತ್ತು ತುಂಬುವುದು ನವೆಂಬರ್ 13ಕ್ಕೆ. ಇಪ್ಪತ್ತು ದಿನ ಕೈಯಲ್ಲಿ ಉಳಿಯುತ್ತವೆ.

ಎರಡು ಸಲ ತಾಳೆ ನೋಡಿದ್ದೇನೆ, ಸರಿಯಾಗಿದೆ.

ವಿಜಯಲಕ್ಷ್ಮಿ


ಗುವಾಹಟಿ
14 ಸೆಪ್ಟೆಂಬರ್ 2025

ಅಕ್ಕಾ,

24ರ ಟಿಕೆಟ್ ತೆಗೆದಾಯಿತು.

ಅತ್ತೆಯನ್ನು ಒಂದು ಮಾತು ಕೇಳು. ವಿಮಾನ ಬ್ರಹ್ಮಪುತ್ರಾ ದಾಟುತ್ತದೆ, ಗಂಗೆ ದಾಟುತ್ತದೆ, ಗೋದಾವರಿ ದಾಟುತ್ತದೆ. ಮೂವತ್ತು ಸಾವಿರ ಅಡಿ ಮೇಲಿನಿಂದ ದಾಟಿದರೂ ಹೊಳೆ ದಾಟಿದಂತೆಯೋ ಹೇಗೆ? ಹೊಳೆಗೆ ಗೊತ್ತಾಗುತ್ತದೆಯೇ?

ಇಲ್ಲಿ ಕ್ವಾರ್ಟರ್ಸಿನ ಹೆಂಗಸರು ಒಳ್ಳೆಯವರು. ಬಾಗಿಲಿಗೆ ಬಂದು ಹೊಟ್ಟೆ ನೋಡಿ ನಗುತ್ತಾರೆ, ಬಾಳೆಹಣ್ಣು ಕೊಡುತ್ತಾರೆ. ನನಗೆ ಅವರ ಮಾತು ಅರ್ಧ ತಿಳಿಯುತ್ತದೆ. ರಾತ್ರಿ ಕಾಲು ಹಿಡಿದುಕೊಂಡಾಗ ಬಾಯಿಗೆ ಬರುವುದು ಮಾತ್ರ ಕನ್ನಡವೇ.

ಆ ಹಳೆಯ ದಿನದ ಬಗ್ಗೆ ಬರೆಯುವುದಿಲ್ಲ ಅಂದಿದ್ದೆ. ಒಂದೇ ಸಾಲು ಬರೆಯುತ್ತೇನೆ. ಅವತ್ತು ಯಾಕೆ ತಡ ಅಂತ ನೀನು ಕೇಳಿದೆ. ಹೇಗೆ ಬಂದೆ ಅಂತ ಕೇಳಲಿಲ್ಲ.

ಶೋಭಾ


ಮುನಿರಾಬಾದ್
26 ಸೆಪ್ಟೆಂಬರ್ 2025

ಶೋಭಾ,

ಅತ್ತೆಯನ್ನು ಕೇಳಿದೆ. "ಮ್ಯಾಲಿಂದ ಹಾರಿದ್ರ ಕಾಲು ತೊಯ್ಯಂಗಿಲ್ಲ, ಖರೆ ಐತಿ. ಆದ್ರ ಕೂಸಿಗೆ ಗೊತ್ತಾಕ್ಕೈತಿ," ಅಂದಳು. ಇದಕ್ಕೆ ಮೇಲ್ಮನವಿ ಇಲ್ಲ.

ನಿನ್ನ ಕೊನೆಯ ಸಾಲನ್ನು ಓದಿದ್ದೇನೆ.

ಇಲ್ಲಿ ತಯಾರಿ ನಡೆದಿದೆ. ಗಂಗಾವತಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ. ನಮ್ಮ ಮನೆಯವರು, ನಿಮ್ಮ ಮಾವ ರವಿಕುಮಾರ, ತಾವು ಕೆಲಸ ಮಾಡುವ ರೈಸ್ ಮಿಲ್ಲಿನಿಂದ ಬಾಣಂತಿಗೆ ಅಂತ ಒಂದು ಚೀಲ ಹಳೆಯ ಅಕ್ಕಿ ತಂದಿದ್ದಾರೆ. ಅಕ್ಕಿಗೇ ಇಷ್ಟು ವಯಸ್ಸಾಗಿದೆ, ನಮಗೆ ಕೂಸು ಕಾಣುವುದು ಯಾವಾಗ ಅಂತ ದಿನಕ್ಕೆರಡು ಸಲ ಕೇಳುತ್ತಾರೆ. ಅಂಟಿನ ಉಂಡಿಗೆ ಅಂಟು, ಕೊಬ್ಬರಿ, ಉತ್ತತ್ತಿ ಬಂದಿವೆ. ಅಜವಾನ, ಲೋಬಾನ, ಕಾಯಿಸಿಕೊಳ್ಳಲು ಇದ್ದಿಲು ಎಲ್ಲ ಕಟ್ಟಿಟ್ಟಿದ್ದೇನೆ.

ಹಿಂದಿನ ಕೋಣೆ ತೆರವು ಮಾಡುವಾಗ ಅಪ್ಪನ ಗೇಜ್ ರಿಜಿಸ್ಟರ್ ಒಂದು ಸಿಕ್ಕಿತು. ಕಾಲುವೆಯ ನೀರಿನ ಅಳತೆ ಬರೆಯುತ್ತಿದ್ದನಲ್ಲ, ಅದು. ಪುಟಕ್ಕೆ ಎರಡು ಕಾಲಂ. ಒಂದು ಕಡೆ 'ಬಿಟ್ಟ ಹೊತ್ತು', ಇನ್ನೊಂದು ಕಡೆ 'ಮುಟ್ಟಿದ ಹೊತ್ತು'. ಬಿಟ್ಟದ್ದನ್ನು ತಾನು ಬರೆದು, ಮುಟ್ಟಿದ್ದರ ಜಾಗ ಖಾಲಿ ಇಡುತ್ತಿದ್ದ. ಕೆಳಗಿನವರು ಸುದ್ದಿ ಕಳಿಸಿದ ಮೇಲೆ ತುಂಬುತ್ತಿದ್ದ. ನಿನಗೆ ನೆನಪಿದೆಯೋ ಇಲ್ಲವೋ, ಕಾಲುವೆಯ ಕೊನೆಯ ಭಾಗದ ರೈತರು ಬಂದು ಜಗಳ ತೆಗೆಯುತ್ತಿದ್ದರು. "ಮೊನ್ನೆನ ಬಿಟ್ಟೀರಂತ, ಎಲ್ಲೈತ್ರೀ ನೀರು? ಯಾವಾಗ ಬರ್ತೈತಿ ಹೇಳ್ರಿ." ಅಪ್ಪ ಬೀಡಿ ಆರಿಸಿ ಸಮಾಧಾನದಿಂದ ಹೇಳುತ್ತಿದ್ದ: "ಬಿಟ್ಟಿದ್ದು ನಾ ಹೇಳಾಂವ. ಮುಟ್ಟಿದ್ದು ನೀವು ಹೇಳಾವ್ರು. ನಡುವಿಂದು ನೀರಿಗೆ ಬಿಡ್ರಿ."

ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಂಥ ಹೊತ್ತಿಗೆ ನೀರು ಬರುತ್ತದೆ ಅಂತ ಯಾರಿಗೂ ಮಾತು ಕೊಟ್ಟವನಲ್ಲ.

25ರ ಬೆಳಿಗ್ಗೆ ಗಂಗಾವತಿ ಬಸ್ ನಿಲ್ದಾಣದಲ್ಲಿ ನಾನೂ ನಿಮ್ಮ ಮಾವನೂ ಇರುತ್ತೇವೆ.

ಅಕ್ಕ


ಗುವಾಹಟಿ
25 ಅಕ್ಟೋಬರ್ 2025

ಅಕ್ಕಾ,

ನಿನ್ನೆ ವಿಮಾನ ನಿಲ್ದಾಣದಿಂದಲೇ ಗೌತಮ ಮಾವನಿಗೆ ಫೋನ್ ಮಾಡಿ ಹೇಳಿದ್ದಾನೆ, ಹಾಗಾಗಿ ನೀವು ಬಸ್ ನಿಲ್ದಾಣಕ್ಕೆ ಹೋಗಿ ಕಾಯಲಿಲ್ಲ ಅಂದುಕೊಂಡಿದ್ದೇನೆ. ನಿನ್ನ ನಿಯಮದಂತೆ ನಾನು ಬರೆದು ತಿಳಿಸುತ್ತಿದ್ದೇನೆ.

ಹತ್ತಿಸಿಕೊಳ್ಳಲಿಲ್ಲ.

ಕೌಂಟರಿನ ಹುಡುಗಿ ಡಾಕ್ಟರ ಚೀಟಿ ನೋಡಿದಳು. 21ನೇ ತಾರೀಖಿಗೆ ಮೂವತ್ತೈದು ವಾರ ಐದು ದಿನ ಅಂತ ಅದರಲ್ಲಿ ಬರೆದಿತ್ತು. ಬೆರಳು ಮಡಿಸಿ ಎಣಿಸಿದಳು. ಆಮೇಲೆ ಕ್ಯಾಲೆಂಡರ್ ತಿರುಗಿಸಿ ನನಗೇ ತೋರಿಸಿದಳು. 23ಕ್ಕೆ ಮೂವತ್ತಾರು ತುಂಬಿತ್ತು. ಒಂದು ದಿನ ಹೆಚ್ಚಾಗಿತ್ತು, ಅಕ್ಕಾ. ತಿಂಗಳಿಗೆ ನಾಲ್ಕೇ ವಾರವಲ್ಲವಂತೆ, ಮೇಲೆ ಎರಡು ಮೂರು ದಿನ ಇರುತ್ತವಂತೆ. ಒಂಬತ್ತು ತಿಂಗಳಿಗೆ ಅವೆಲ್ಲ ಸೇರಿ ಮೂರು ವಾರ ಆಗುತ್ತವೆ. ಸಂಬಳದ ದಿನ ಎಣಿಸುವಾಗ ನಮಗಿದು ಚೆನ್ನಾಗಿ ಗೊತ್ತಿರುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಅತ್ತೆಯ ತಿಂಗಳು ಒಂದು ಕಡೆ, ಇವರ ವಾರ ಒಂದು ಕಡೆ. ನಡುವೆ ನಾನು ಪೆಟ್ಟಿಗೆ ಹಿಡಿದು ನಿಂತಿದ್ದೆ.

ರೈಲಿನಲ್ಲಿ ಎರಡೂವರೆ ದಿನ. ಡಾಕ್ಟರು ಬೇಡವೇ ಬೇಡ ಅಂದರು. ಇನ್ನು ಹೆರಿಗೆ ಇಲ್ಲಿಯೇ.

ತಪ್ಪು ನಿನ್ನದಲ್ಲ. ನಾನೂ ಅದೇ ಲೆಕ್ಕ ನೋಡಿ ಸರಿ ಅಂದವಳು. ಆದರೆ ನನಗೆ ಹೆದರಿಕೆಯಾಗುತ್ತಿದೆ. ಆಸ್ಪತ್ರೆ ಹತ್ತಿರವೇ ಇದೆ, ಗೌತಮ ರಜೆ ಹಾಕುತ್ತಾನೆ, ಎಲ್ಲ ಸರಿ. ನೋವು ಬಂದಾಗ ನನ್ನ ಭಾಷೆಯಲ್ಲಿ ಬೈದು ಧೈರ್ಯ ಹೇಳುವ ಒಬ್ಬಳೂ ಇಲ್ಲ.

ಈ ಪತ್ರ ನಿನಗೆ ಮುಟ್ಟಲು ಒಂಬತ್ತು ದಿನ. ನಿನ್ನ ಉತ್ತರ ಬರಲು ಒಂಬತ್ತು ದಿನ. ಅಷ್ಟರಲ್ಲಿ ಏನಾಗಿರುತ್ತದೋ ಗೊತ್ತಿಲ್ಲ.

ಶೋಭಾ


ದಾರಿಯಲ್ಲಿ
29 ಅಕ್ಟೋಬರ್ 2025

ಶೋಭಾ,

ನೀನು ಪತ್ರ ಬರೆದಿರುತ್ತೀ. ಅದು ನಾನಿಲ್ಲದ ಮನೆಗೆ ಹೋಗಿ ಬೀಳುತ್ತದೆ. ಬರುವ ಟಪಾಲಿಗೆ ಮುಂಚೆಯೇ ಉತ್ತರ ಹೊರಟದ್ದು ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು.

ಸೋಮವಾರ ಸಾಹೇಬರ ಮುಂದೆ ರಜೆ ಅರ್ಜಿ ಇಟ್ಟೆ. "ಕಾಲುವಿಗೆ ನೀರು ಐತಿ, ಈಗೆಂಥಾ ರಜಾರೀ?" ಅಂದರು. "ನನ್ನ ತಂಗಿ ಬಾಣಂತನ ಐತ್ರಿ. ಆಕಿ ಬರಂಗಿಲ್ಲ. ತವರು ಹೋಗಬೇಕು," ಅಂದೆ. ಸಹಿ ಹಾಕಿದರು.

ಅಪ್ಪನ ರಿಜಿಸ್ಟರಿನಲ್ಲಿ ಖಾಲಿ ಪುಟಗಳಿದ್ದವು, ಅದರಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಐದೂವರೆಗೆ ಮುನಿರಾಬಾದ್ ಬಿಟ್ಟೆ. ಗಂಗಾವತಿ ಮುಟ್ಟಿದಾಗ ಏಳು. ಎಂಟೂವರೆಯ ಬಸ್ಸು. ಬೆಳಿಗ್ಗೆ ಐದೂಕಾಲಕ್ಕೆ ಹೈದರಾಬಾದ್. ಮುಂದೆ ಎಲ್ಲಿ ಹೋಗಬೇಕು ಅಂತ ತಿಳಿಯದೆ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತೆ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ಇದ್ದಿಲು, ಕಡ್ಡಿಪೆಟ್ಟಿಗೆ ತೆಗೆದಿಟ್ಟುಕೊಂಡರು. ಅಂಟಿನ ಉಂಡಿಯನ್ನು ಒಬ್ಬಳು ಮೂಸಿ ನೋಡಿದಳು. ಒಂದು ಕೊಟ್ಟೆ, ಬೇಡ ಅಂದಳು. ಎರಡೂ ಇಪ್ಪತ್ತಕ್ಕೆ ಬಿಡಬೇಕಾದ ವಿಮಾನ ಮೂರೂ ಐದಕ್ಕೆ ಬಿಟ್ಟಿತು. ಐದೂ ಐವತ್ತೈದಕ್ಕೆ ಗುವಾಹಟಿಯಲ್ಲಿ ಇಳಿಯಿತು. ಆಕಾಶದಲ್ಲಿ ಇದ್ದದ್ದು ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ. ನೀನು ಹೇಳಿದ್ದು ಸರಿಯಾಗಿಯೇ ಇತ್ತು.

ಈಗ ಏಳೂ ಹತ್ತು. ಗೌತಮ ಕರೆದುಕೊಂಡು ಬರುತ್ತಿದ್ದಾನೆ. ನಾನು ಬರುವ ತಾಸು ನಿನಗೆ ಹೇಳಬೇಡ ಅಂತ ಅವನಿಗೆ ಮೊದಲೇ ಹೇಳಿದ್ದೆ, ನೀನು ಬಾಗಿಲು ನೋಡುತ್ತ ಕೂರಬಾರದು. ಇಲ್ಲಿಗೇ ಇಪ್ಪತ್ತೈದು ತಾಸು ನಲವತ್ತು ನಿಮಿಷ ಆಗಿದೆ. ನಾಲ್ಕು ದಿನ ತಯಾರಿ ಮಾಡಿಕೊಂಡು, ಟಿಕೆಟ್ ಕೈಯಲ್ಲಿ ಹಿಡಿದು ಹೊರಟ ನನಗೆ ಇಷ್ಟು ಹಿಡಿಯಿತು.

ಅವತ್ತು ಏಳಕ್ಕೆ ಸುದ್ದಿ ಕೇಳಿ, ಕೈಯಲ್ಲಿ ಟಿಕೆಟ್ಟೇ ಇಲ್ಲದೆ ಹೊರಟವಳು ನೀನು. ಮರುದಿನ ನಾಲ್ಕೂವರೆಗೆ ಬಾಗಿಲಲ್ಲಿ ಇದ್ದೆ. ಇಪ್ಪತ್ತೊಂದೂವರೆ ತಾಸು. ವಿಮಾನದಲ್ಲಿ ಕೂತು ನಾನು ಹಿಂದುಮುಂದಾಗಿ ಎಷ್ಟು ಸಲ ಕಳೆದು ನೋಡಿದರೂ, ನೀನು ನಿಂತು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಉಳಿಯುವುದಿಲ್ಲ. ನಿನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೋಡಿದ್ದೆ, ಶೋಭಾ. ಕೇಳಲಿಲ್ಲ.

ಎರಡು ಗಂಟೆಗೆ ಬರುತ್ತಾಳೆ ಅಂತ ಊರಿಗೆ ಹೇಳಿದವಳು ನಾನು, ನೀನಲ್ಲ. ಅಪ್ಪ ಒಬ್ಬರಿಗೂ ಹೇಳದಿದ್ದ ಮಾತು ಅದು. ಅವನನ್ನು ಕಾಯಿಸಿದವಳು ನಾನು. ಒಂಬತ್ತು ನಾಲ್ಕಲೆ ಮೂವತ್ತಾರು ಅಂದವಳೂ ನಾನೇ. ಹಟ ಬಿಟ್ಟು ಒಂದು ಸಲ ಫೋನ್ ಎತ್ತಿದ್ದರೆ ನೀನು ಏಳರಲ್ಲೇ ಬಂದು ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದೆ. ತಪ್ಪಾಯಿತು. ಇದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆದು ತಂದಿದ್ದೇನೆ.

ಗೌತಮ, "ಅದ ನೋಡ್ರಿ ಅಕ್ಕಾರ, ದೀಪ ಹತ್ತೈತಲ್ಲ, ಅದ ನಮ್ಮನಿ," ಅನ್ನುತ್ತಿದ್ದಾನೆ. ಪುಟ ಮಡಿಸುತ್ತೇನೆ. ಬಿಟ್ಟ ಹೊತ್ತನ್ನು ಮೇಲೆ ಬರೆದಿದ್ದೇನೆ, ಪಕ್ಕದ ಕಾಲಂ ಖಾಲಿ ಇದೆ. ಮುಟ್ಟಿದ್ದನ್ನು ಹೇಳಬೇಕಾದವಳು ನೀನು. ಕದ ತೆರೆದು, ಗಡಿಯಾರ ನೋಡಿ, ನಿನ್ನ ಕೈಯಿಂದ ಬರೆ.

ನಿನ್ನ ಅಕ್ಕ
ವಿಜಿ

ಬಿಟ್ಟ ಹೊತ್ತು: 28 ಅಕ್ಟೋಬರ್, ಸಂಜೆ 5.30
ಮುಟ್ಟಿದ ಹೊತ್ತು: